ಒಂದು ನೂಲಿನ ಸಂದು

ನಮ್ಮ ಮನೆಯ ಗೃಹಪ್ರವೇಶದ ದಿನ ನನ್ನ ಷಡ್ಡಕರು ಹೋಳಿಗೆ ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಳ್ಳುತ್ತಲೇ ನೆಟ್ಟಗೆ ನಡುಮನೆಯ ಬಾಗಿಲ ಹತ್ತಿರ ಹೋದರು. ಬಾಗಿಲನ್ನು ಒಮ್ಮೆ ಹಾಕಿದರು, ಒಮ್ಮೆ ತೆಗೆದರು. ಮತ್ತೆ ಹಾಕಿ, ಒಂದು ಕಣ್ಣು ಮುಚ್ಚಿಕೊಂಡು, ಬಾಗಿಲಿಗೂ ಚೌಕಟ್ಟಿಗೂ ನಡುವೆ ಇನ್ನೊಂದು ಕಣ್ಣಿಟ್ಟರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ಸಾವಿನ ಸುದ್ದಿ ತಿಳಿಸುವವರ ದನಿಯಲ್ಲಿ, "ಎಲ್ಲಾ ಚೆನ್ನಾಗಿದೆ. ಆದರೆ ಸಂದು ಬಿಟ್ಟುಬಿಟ್ಟಿದಾನಲ್ರೀ ನಿಮ್ಮ ಬಡಗಿ. ಫಿನಿಶಿಂಗ್ ಸಾಲದು" ಎಂದರು.

ಫಿನಿಶಿಂಗ್! ಮನೆ ಕಟ್ಟಿದ ಆ 14 ತಿಂಗಳಲ್ಲಿ ನಾನು ರಾಮನಾಮಕ್ಕಿಂತ ಹೆಚ್ಚು ಸಲ ಕೇಳಿದ ಶಬ್ದ ಅದು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಹುರುಪಿನಲ್ಲಿ ಅದಕ್ಕೊಂದು ಕನ್ನಡ ಪದ ಹುಡುಕಲು ಹೋಗಿ ಸೋತಿದ್ದೇನೆ. ಅಚ್ಚುಕಟ್ಟು ಅಂದರೆ ಅರ್ಧ ಬಂತು, ನಾಜೂಕು ಅಂದರೆ ಕಾಲುಭಾಗ ಬಂತು, ಓರಣ ಅಂದರೆ ಅಡುಗೆಮನೆಯ ಡಬ್ಬಿಗಳು ಕಣ್ಣಮುಂದೆ ಬಂದವು. ಇಂಗ್ಲಿಷಿನವರು ಅದನ್ನು ಮುಗಿಸುವುದು ಎಂಬ ಅರ್ಥದಿಂದ ತೆಗೆದುಕೊಂಡರಂತೆ. ನಿಜವೇ. ಫಿನಿಶಿಂಗ್ ಶುರುವಾಗುವ ಹೊತ್ತಿಗೆ ಮನೆ ಕಟ್ಟಿಸುವವನ ಪಾಲಿಗೆ ಎಲ್ಲವೂ ಮುಗಿದಿರುತ್ತದೆ. ಬ್ಯಾಂಕಿನ ಸಾಲ ಮುಗಿದಿರುತ್ತದೆ, ಪಿ.ಎಫ್. ಹಣ ಮುಗಿದಿರುತ್ತದೆ, ಹೆಂಡತಿಯ ತಾಳ್ಮೆ ಮುಗಿದಿರುತ್ತದೆ. ಮುಗಿಯದೆ ಉಳಿದಿರುವುದು ಕೆಲಸ ಒಂದೇ.

ನಮ್ಮ ಮನೆ ಇರುವುದು ರಾಜೀವನಗರದ ಎರಡನೇ ಹಂತದಲ್ಲಿ, ಥರ್ಟಿ ಫಾರ್ಟಿ ಸೈಟು. ನಾನು ಇಲ್ಲಿ ಸೈಟು ತೆಗೆದುಕೊಂಡಾಗ ಕುವೆಂಪುನಗರದ ನೆಂಟರು "ಉದಯಗಿರಿ ದಾಟಿ ಇನ್ನೂ ಆಚೆಗಾ?" ಎಂದು ಹುಬ್ಬೇರಿಸಿದ್ದರು. ಆಚೆಗೇ. ಆದರೆ ಮನೆ ಕಟ್ಟಿಸುವವನಿಗೆ ಇದಕ್ಕಿಂತ ಒಳ್ಳೆಯ ಬಡಾವಣೆ ಮೈಸೂರಿನಲ್ಲಿ ಇಲ್ಲ. ಊರಿನ ಬೇರೆ ಬಡಾವಣೆಗಳಲ್ಲಿ ಮನೆ ಕಟ್ಟುವ ಕೈಗಳಲ್ಲಿ ಬಹಳಷ್ಟು ಬೆಳಿಗ್ಗೆ ಎದ್ದು ಹೊರಡುವುದು ಇಲ್ಲಿಂದಲೇ. ವೆಲ್ಡಿಂಗಿನವರು, ಪೇಂಟಿನವರು, ಟೈಲ್ಸಿನವರು, ಬಡಗಿಗಳು ಅಕ್ಕಪಕ್ಕದ ಬೀದಿಯಲ್ಲೇ ಸಿಗುತ್ತಾರೆ. ಫಜರ್ ನಮಾಜಿನ ಕರೆ ಮುಗಿದು, ಹಾಲಿನವನ ಗಾಡಿ ಹೋಗಿ, ಸ್ವಲ್ಪ ಹೊತ್ತಿಗೆಲ್ಲ ಎಲ್ಲಿಂದಲೋ ಹತ್ತರಿ ಮೆಷಿನ್ನಿನ ಕಿರುಚಾಟ ಶುರುವಾದರೆ ನಮ್ಮ ಬೀದಿಗೆ ಬೆಳಗಾಯಿತೆಂದು ಲೆಕ್ಕ.

ನಮಗೆ ಸಿಕ್ಕ ಬಡಗಿಯನ್ನು ಬೀದಿಯೆಲ್ಲ ಚಾಚಾ ಎಂದೇ ಕರೆಯುವುದು, ನಾವೂ ಹಾಗೇ ಕರೆದೆವು. ಅರವತ್ತು ದಾಟಿದ, ಸಣಕಲು ಮೈಯ, ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ನಾನು ಎಂದೂ ಕಾಣದ ಮನುಷ್ಯ. ಅವರ ತಂದೆ, ಅಜ್ಜ ಇಬ್ಬರೂ ಮಂಡಿ ಮೊಹಲ್ಲಾದಲ್ಲಿ ಬೀಟೆಮರದಲ್ಲಿ ಕೆತ್ತಿ ಕೂರಿಸುವ ಕೆಲಸದವರು. ಮೈಸೂರು ಇನ್‌ಲೇ ಎಂದು ಹೆಸರಾದ, ಈಗ ಭೌಗೋಳಿಕ ಸೂಚಕದ ಮುದ್ರೆಯೂ ಇರುವ ಕಸುಬು ಅದು. ಕಪ್ಪನೆಯ ಬೀಟೆ ಹಲಗೆಯಲ್ಲಿ ಆನೆಯದೋ ಹೂಬಳ್ಳಿಯದೋ ಆಕಾರವನ್ನು ಸಣ್ಣ ಉಳಿಯಿಂದ ತೋಡಿ, ಅದೇ ಆಕಾರಕ್ಕೆ ಬೇರೆ ಮರದ ಚೂರನ್ನು ಕೂದಲಿನಂಥ ಗರಗಸದಲ್ಲಿ ಕೊಯ್ದು, ತೋಡಿದ ಜಾಗದಲ್ಲಿ ಕೂರಿಸಬೇಕು. ಹಲಸಿನ ಚೂರು ಹಳದಿಗೆ, ಇನ್ನೊಂದು ಮರ ಕೆಂಪಿಗೆ. ಹಿಂದೆ ಬಿಳಿಗೆ ಆನೆಯ ದಂತ, ಈಗ ಪ್ಲಾಸ್ಟಿಕ್ಕು. ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲು ನೋಡಿದವರಿಗೆ ಈ ಕೆಲಸ ಎಲ್ಲಿಯವರೆಗೆ ಹೋಗಬಲ್ಲುದು ಎಂದು ಗೊತ್ತು. ಬೆರಳಾಡಿಸಿದರೆ ಎಲ್ಲಿ ಮರ ಮುಗಿದು ಎಲ್ಲಿ ದಂತ ಶುರುವಾಯಿತು ಎಂದು ತಿಳಿಯಬಾರದು. ಹುಡುಗನಾಗಿದ್ದಾಗ ಚಾಚಾ ಕೂರಿಸಿದ ಚೂರಿನ ಸುತ್ತ ಕೂದಲೆಳೆಯಷ್ಟು ಸಂದು ಕಂಡರೆ ಅವರ ತಂದೆ ಬೈಯುತ್ತಿರಲಿಲ್ಲವಂತೆ. ಹಲಗೆಯನ್ನು ಬೆಳಕಿಗೆ ಹಿಡಿದು ತೋರಿಸಿ, ಒಲೆಯ ಪಕ್ಕದ ಸೌದೆಯ ರಾಶಿಗೆ ಸೇರಿಸುತ್ತಿದ್ದರಂತೆ. "ಬೈದಿದ್ರೆ ವಾಸಿ ಇತ್ತು" ಎನ್ನುತ್ತಿದ್ದರು.

ಇಂಥವರು ಮೊದಲ ದಿನ ನಮ್ಮ ಮನೆಗೆ ಬಂದದ್ದು ಉಳಿ, ಗರಗಸ ಯಾವುದೂ ಇಲ್ಲದೆ. ಕೈಯಲ್ಲಿ ಒಂದು ತೂಗುಗುಂಡು, ಒಂದು ಮೂಲೆಮಟ್ಟ, ಅಷ್ಟೇ. ಒಂದೊಂದು ಕೋಣೆಯಲ್ಲೂ ದಾರ ಇಳಿಬಿಟ್ಟು, ಗುಂಡು ಅಲುಗಾಡುವುದು ನಿಲ್ಲುವ ತನಕ ಉಸಿರು ಹಿಡಿದು ನಿಂತರು. ಕೊನೆಗೆ, "ಮೇಷ್ಟ್ರೇ, ನಿಮ್ಮ ಮನೇಲಿ ನೆಟ್ಟಗಿರೋ ಗೋಡೆ ಒಂದು ಇದೆ. ದೇವರ ಮನೇದು" ಎಂದರು. ನನಗೆ ರೇಗಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ದಾರವನ್ನು ನನ್ನ ಕೈಗೇ ಕೊಟ್ಟರು. ಮೇಲೆ ಗೋಡೆಗೆ ಅಂಟಿಕೊಂಡಿದ್ದ ದಾರ ಕೆಳಗೆ ಬರುವ ಹೊತ್ತಿಗೆ ಮುಕ್ಕಾಲು ಇಂಚು ದೂರ ಹೋಗಿತ್ತು. ನೆಲ ನಿಜಕ್ಕೂ ಡೊಂಕಾಗಿರುವ ಸಂದರ್ಭವನ್ನು ಗಾದೆ ಕಟ್ಟಿದವರು ಯೋಚಿಸಿರಲಿಲ್ಲ.

ಬಡಗಿಯ ಕಷ್ಟ ನನಗೆ ಅರ್ಥವಾದದ್ದು ಆಗ. ಅವನು ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಪಾಯದವನು ಬಿಟ್ಟ ತಪ್ಪನ್ನು ಗೋಡೆಯವನ ತಲೆಗೆ, ಗೋಡೆಯವನು ಬಿಟ್ಟದ್ದನ್ನು ಗಾರೆಯವನ ತಲೆಗೆ, ಗಾರೆಯವನು ಬಿಟ್ಟದ್ದನ್ನು ಬಡಗಿಯ ತಲೆಗೆ ಸುರಿಯಲಾಗುತ್ತದೆ. ಬಡಗಿಯ ಹಿಂದೆ ಇರುವವನು ಪೇಂಟರ್ ಒಬ್ಬ, ಅವನ ಬಳಿ ಲಪ್ಪದ ಡಬ್ಬ. ಚೌಕಟ್ಟಿಗೂ ಗೋಡೆಗೂ ಸೇರುವಲ್ಲಿ ಹೊಡೆಯುವ ಮರದ ಪಟ್ಟಿ ಇದೆಯಲ್ಲ, ಬೀಡಿಂಗು, ಅದನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಅದು ಅಲಂಕಾರವಲ್ಲ, ಮರ್ಯಾದೆ. ಇನ್ನೊಬ್ಬರ ತಪ್ಪಿನ ಮೇಲೆ ಹೊದಿಸುವ ಶಾಲು. ಚಾಚಾ ಆ ಪಟ್ಟಿಗಳ ಬೆನ್ನನ್ನು ಒಂದೊಂದು ಗೋಡೆಯ ಡೊಂಕಿಗೆ ತಕ್ಕಂತೆ ಬೇರೆ ಬೇರೆಯಾಗಿ ಕೀಸಿದರು. ಮುಂದಿನಿಂದ ನೋಡಿದವರಿಗೆ ಎಲ್ಲ ಪಟ್ಟಿಯೂ ಅಣ್ಣತಮ್ಮಂದಿರ ಹಾಗೆ ಒಂದೇ ತೆರ ಕಾಣುತ್ತವೆ. ಬೆನ್ನು ತಿರುಗಿಸಿದರೆ ಒಂದಕ್ಕೊಂದು ಸಂಬಂಧವಿಲ್ಲ.

ಅಳತೆಯ ಮಾತು ಬಂತು, ಹೇಳಿಬಿಡುತ್ತೇನೆ. ಚಾಚಾ ಟೇಪಿನಲ್ಲಿ ಅಡಿ, ಇಂಚು ಓದುತ್ತಿದ್ದರು. ಇಂಚಿಗಿಂತ ಕೆಳಗಿನದಕ್ಕೆ "ಎರಡು ಸೂತ್", "ಮೂರು ಸೂತ್" ಎನ್ನುತ್ತಿದ್ದರು. ಸೂತ್ ಎಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿಲಿಮೀಟರಿಗೆ ಒಂದು ಕೂದಲು ಹೆಚ್ಚು. ನನ್ನ ತಾತನ ಮನೆಗೆ ಬರುತ್ತಿದ್ದ ಆಚಾರ್ರು ಇದೇ ಅಳತೆಗೆ "ನೂಲು" ಎನ್ನುತ್ತಿದ್ದುದು ನೆನಪಾಯಿತು. ಸೂತ್ ಎಂದರೂ ದಾರ, ನೂಲು ಎಂದರೂ ದಾರ. ಎರಡು ಭಾಷೆಯ ಬಡಗಿಗಳು ಯಾರನ್ನು ಯಾರು ಕೇಳಿಕೊಂಡು ಹೀಗೆ ಹೆಸರಿಟ್ಟರೋ! ನಾನು ಇದನ್ನು ಹೇಳಿದಾಗ ಚಾಚಾ ನಕ್ಕು, ಅಂದಿನಿಂದ ನನ್ನ ಜೊತೆ ಮಾತಾಡುವಾಗ ನೂಲು ಎನ್ನತೊಡಗಿದರು. ಅವರನ್ನು ಮೆಚ್ಚಿಸಲು ನಾನು ಸೂತ್ ಎನ್ನತೊಡಗಿದೆ. ಕೆಲಸದ ಹುಡುಗ ಒಂದು ವಾರ ಗೊಂದಲದಲ್ಲಿದ್ದ.

ಮರ ಕೊಳ್ಳಲು ಬಂಬೂಬಜಾರಿಗೆ ಹೋದೆವು. ನಾನು ಮರದ ಬಣ್ಣ ನೋಡಿದೆ, ಚಾಚಾ ಮರದ ತುದಿ ನೋಡಿದರು. ತೇಗದ ಹಲಗೆಯ ತುದಿಯಲ್ಲಿ ಉಂಗುರಗಳು ಹೇಗೆ ಹೋಗಿವೆ, ಬಿಳಿಯ ಹೊರಭಾಗ ಎಷ್ಟಿದೆ, ಚೇಗು ಎಷ್ಟಿದೆ ಎಂದು ಉಗುರಿನಿಂದ ಗೀರಿ ನೋಡಿದರು. ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದು ಮೇಲೆ ಎಷ್ಟು ಪಾಲಿಶ್ ಹೊಡೆದರೂ ಒಳಗಿನಿಂದ ಪುಡಿಯಾಗುತ್ತದೆ. ಕೊನೆಗೆ ಅವರು ಆರಿಸಿದ್ದು ನನಗೆ ಹಿಡಿಸಿದ ಹೊಳೆಯುವ ಹಲಗೆಗಳನ್ನಲ್ಲ. ಮೂಲೆಯಲ್ಲಿ ಧೂಳು ಹಿಡಿದು, ನಡುವೆ ಚಕ್ಕೆ ಕೊಟ್ಟು ಅಟ್ಟಿ ಹಾಕಿದ್ದ ಹಳೆಯ ಹಲಗೆಗಳನ್ನು. "ಇವು ಕೂಗಾಡಿ ಮುಗಿಸಿವೆ, ಇನ್ನು ಸುಮ್ಮನಿರ್ತವೆ" ಎಂದರು.

ಮರ ಕೂಗಾಡುವುದೆಂದರೇನು ಎಂದು ನಾನು ಆಮೇಲೆ ಓದಿಕೊಂಡೆ. ಮರದ ವಿದ್ಯೆಗೆಂದೇ ನಮ್ಮಲ್ಲೊಂದು ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲಿದೆ, 1938ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಪ್ರಯೋಗಾಲಯವಾಗಿ ಶುರುವಾದದ್ದು. ಆ ವಿದ್ಯೆಯವರ ಲೆಕ್ಕ ಹೀಗೆ: ಹಸಿ ಮರ ಒಣಗುತ್ತ ಬಂದು, ಅದರೊಳಗಿನ ತೇವ ನೂರಕ್ಕೆ ಸುಮಾರು 30 ಪಾಲಿಗೆ ಇಳಿಯುವ ತನಕ ಏನೂ ಆಗುವುದಿಲ್ಲ. ಅಲ್ಲಿಂದ ಕೆಳಗೆ ಇಳಿದಂತೆಲ್ಲ ಮರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಗಲಕ್ಕೆ. ಅದರಲ್ಲೂ ಉಂಗುರದ ಗುಂಟ ಕುಗ್ಗುವುದು, ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಈ ಅಸಮಾಧಾನದಿಂದಲೇ ಹಲಗೆ ಸೊಟ್ಟಗಾಗುವುದು, ಡೋಣಿಯ ಹಾಗೆ ಬಾಗುವುದು, ಸೀಳುವುದು. ಬಾಗಿಲು ಮಾಡುವ ಮರದಲ್ಲಿ ತೇವ 12ರ ಆಸುಪಾಸಿಗೆ ಇಳಿದಿರಬೇಕು. ಹಾಗೆ ಇಳಿದ ಮೇಲೂ ಅದು ಸುಮ್ಮನಿರುವುದಿಲ್ಲ. ಮಳೆಗಾಲದ ಗಾಳಿಯಿಂದ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಕಡಿದು ನೂರು ವರ್ಷವಾದರೂ ಮರ ಉಸಿರಾಡುವುದನ್ನು ಬಿಡುವುದಿಲ್ಲ.

ದಿಲ್ಲೆ ಹಾಕಿದ ಬಾಗಿಲುಗಳನ್ನು ನಮ್ಮ ಹಿರಿಯರು ಕಂಡುಕೊಂಡದ್ದು ಈ ಉಸಿರಿಗಾಗಿಯೇ. ಸುತ್ತ ಗಟ್ಟಿ ಚೌಕಟ್ಟು, ಅದರ ತೋಡಿನಲ್ಲಿ ತೆಳು ಹಲಗೆ. ಚೌಕಟ್ಟಿನ ಮೂಲೆಗಳಿಗೆ ಚಾಚಾ ಅಂಟು ಹಾಕಿ, ಬಿದಿರಿನ ಮೊಳೆ ಜಡಿದರು. ಒಳಗಿನ ಹಲಗೆಗೆ ಒಂದು ತೊಟ್ಟೂ ಅಂಟು ಹಾಕಲಿಲ್ಲ. ನಾನು ಫೆವಿಕಾಲ್ ಡಬ್ಬ ಮುಂದಕ್ಕೆ ತಳ್ಳಿದರೆ ಅದನ್ನು ಹಿಂದಕ್ಕೆ ತಳ್ಳಿದರು. "ಇದಕ್ಕೆ ಅಂಟು ಹಾಕಿದ್ರೆ ಉಬ್ಬೋಕೆ ಜಾಗ ಇಲ್ಲದೆ ಎದೆ ಒಡೆದುಕೊಳ್ಳುತ್ತೆ. ಬಿಟ್ಟುಬಿಡಿ, ಓಡಾಡಿಕೊಂಡಿರಲಿ." ಬಾಗಿಲಿಗೂ ಚೌಕಟ್ಟಿಗೂ ನಡುವೆ ಮಾತ್ರ ಅವರದು ಒಂದೇ ಲೆಕ್ಕ. ಸುತ್ತಲೂ ಒಂದು ನೂಲು. ಕಣ್ಣಂದಾಜಲ್ಲ, ಜೇಬಿನಿಂದ ಎರಡು ರೂಪಾಯಿ ಬಿಲ್ಲೆ ತೆಗೆದು, ಒಂದರ ಮೇಲೊಂದು ಜೋಡಿಸಿ ಸಂದಿನಲ್ಲಿ ಮೇಲಿನಿಂದ ಕೆಳಗೆ ಜಾರಿಸುತ್ತಿದ್ದರು. ಎಲ್ಲಿ ಬಿಲ್ಲೆ ತಡೆಯಿತೋ ಅಲ್ಲಿ ಪೆನ್ಸಿಲ್ ಗುರುತು, ಎರಡು ಸಲ ಹತ್ತರಿ, ಮತ್ತೆ ಬಿಲ್ಲೆ. ವಾಸ್ಕಲ್ ಪೂಜೆಯ ದಿನ ಹೊಸಿಲ ಕೆಳಗೆ ನವಧಾನ್ಯದ ಜೊತೆ ನಾವೂ ಬಿಲ್ಲೆ ಹಾಕಿದ್ದೆವು. ಅದನ್ನು ಹಾಕುವಾಗ ಪುರೋಹಿತರಿಗಿದ್ದ ಶ್ರದ್ಧೆ ಇದನ್ನು ಜಾರಿಸುವಾಗ ಚಾಚಾಗೆ ಇತ್ತು.

ಸ್ಕ್ರೂ ವಿಷಯಕ್ಕೂ ಅವರದು ಅಷ್ಟೇ ಮಡಿ. ನಮ್ಮೂರಿನಲ್ಲಿ ಸ್ಕ್ರೂ "ಹೊಡೆಯುವುದು" ಎಂದೇ ಮಾತು. ಮುಕ್ಕಾಲು ಭಾಗ ಸುತ್ತಿಗೆಯಿಂದ ಇಳಿಸಿ, ಕೊನೆಗೆ ಶಾಸ್ತ್ರಕ್ಕೆ ಎರಡು ಸುತ್ತು ತಿರುಗಿಸಿದರೆ ಆಯಿತು. ನೋಡಲು ಎರಡೂ ಒಂದೇ. ಆದರೆ ಹೊಡೆದ ಸ್ಕ್ರೂ ಮರದ ಎಳೆಗಳನ್ನು ಹರಿದುಕೊಂಡು ಹೋಗಿರುತ್ತದೆ, ತಿರುಗಿಸಿದ ಸ್ಕ್ರೂ ಎಳೆಗಳನ್ನು ಹಿಡಿದುಕೊಂಡು ಹೋಗಿರುತ್ತದೆ. ಭಾರದ ಬಾಗಿಲು ಎರಡೇ ವರ್ಷಕ್ಕೆ ಜೋತು ನೆಲ ಗೀರುವುದು ಇದರಿಂದ. ಚಾಚಾ ಮೊದಲು ಸಣ್ಣ ಬೈರಿಗೆಯಲ್ಲಿ ತೂತು ಮಾಡಿ, ಸ್ಕ್ರೂವಿನ ಮೈಗೆ ಸ್ವಲ್ಪ ಸೋಪು ಸವರಿ, ತಲೆಯಿಂದ ಕೊನೆಯವರೆಗೆ ತಿರುಗಿಸಿಯೇ ಇಳಿಸುತ್ತಿದ್ದರು. ಒಂದು ಬಾಗಿಲಿಗೆ ಮೂರು ಕೀಲು, ಒಂದು ಕೀಲಿಗೆ ಎಂಟು ಸ್ಕ್ರೂ. ಮುಹೂರ್ತಕ್ಕೆ ಮೂರು ವಾರ ಉಳಿದಿದ್ದ ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಸುತ್ತಿಗೆ ಹೊಡೆಯುತ್ತಿದ್ದೆ.

ಅಡುಗೆಮನೆಯ ಕಪಾಟುಗಳದು ಬೇರೆ ಕಥೆ, ಬೇಗ ಹೇಳಿಬಿಡಬಹುದು. ಅಲ್ಲಿ ಮರವಿಲ್ಲ, ಪ್ಲೈವುಡ್ಡು. ಅದರ ಮೈಮೇಲೆ ಐ.ಎಸ್. 710 ಎಂದು ಮುದ್ರೆ ಇದ್ದರೆ ನೀರು ತಡೆಯುವ ಮರೀನ್ ದರ್ಜೆ, 303 ಎಂದಿದ್ದರೆ ಸಾಧಾರಣ ಬಳಕೆಯದು. ಸಿಂಕಿನ ಕೆಳಗೆ 710 ಹಾಕಿಸಿ, ಅಟ್ಟಕ್ಕೆ 303 ಹಾಕಿಸಿದರೆ ಜಾಣ. ನಮಗೆ ಸಾಮಾನು ತಂದುಕೊಟ್ಟ ಅಂಗಡಿಯವನು ತಿರುಗಾಮುರುಗಾ ಮಾಡಿದ್ದನ್ನು ಹಿಡಿದವಳು ನನ್ನ ಹೆಂಡತಿ. "ರೀ, ಮಾರ್ಕ್ಸ್ ಕಾರ್ಡ್ ನೋಡೋ ಮೇಷ್ಟ್ರಿಗೆ ಹಲಗೆ ಮೇಲಿನ ನಂಬರ್ ಕಾಣಲಿಲ್ವಾ?" ಎಂದಳು.

ಪಾಲಿಶ್ ಶುರುವಾದಾಗ ನನ್ನ ತಾಳ್ಮೆಯ ಕೊನೆಯ ಕಾಸೂ ಖರ್ಚಾಯಿತು. ಉಪ್ಪುಕಾಗದ ಮೊದಲು 80ನೇ ನಂಬರು, ಆಮೇಲೆ 120, ಆಮೇಲೆ 220, ಆಮೇಲೆ 320. ಪ್ರತಿ ಸಲವೂ ಮರದ ಎಳೆಯ ಗುಂಟವೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಬೆಕ್ಕು ಪರಚಿದ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ತೆಳ್ಳಗೆ ಸವರುವುದು. ಒಣಗಲು ಬಿಡುವುದು. ಮತ್ತೆ ಸವರುವುದು. ನಮ್ಮಿಂದ ಅಷ್ಟೇನೂ ದೂರವಿಲ್ಲದ ಬನ್ನಿಮಂಟಪದ ಬಣ್ಣದ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು. ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಅಳಿಯದ ಮಸಿ ಕೊಡುತ್ತಿರುವುದು ಅದೇ. ವಾರಗಟ್ಟಲೆ ಉಜ್ಜಿದರೂ ಹೋಗದ ಮಸಿಯ ನೆರೆಯಲ್ಲಿದ್ದುಕೊಂಡು, ಎರಡು ದಿನ ಪಾಲಿಶ್ ಒಣಗುವುದಕ್ಕೆ ನಾನು ಗೊಣಗಿದೆ.

ಹೆಚ್ಚು ಗೊಣಗಿದ್ದು ಬಾಗಿಲನ್ನು ಮತ್ತೆ ಬಿಚ್ಚಿದಾಗ. ಮುಂದೆ ಹಿಂದೆ ಎರಡೂ ಕನ್ನಡಿಯಂತೆ ಹೊಳೆಯುತ್ತಿದ್ದ ಬಾಗಿಲನ್ನು ಚಾಚಾ ಕೀಲಿನಿಂದ ಕಳಚಿ, ಕಟ್ಟೆಯ ಮೇಲೆ ಮಲಗಿಸಿ, ಅದರ ಪಾದಕ್ಕೆ, ಅಂದರೆ ನೆಲದ ಕಡೆ ಇರುವ ಅಂಚಿಗೆ, ಪಾಲಿಶ್ ಸವರತೊಡಗಿದರು. ಆಮೇಲೆ ನೆತ್ತಿಗೆ.

"ಅದನ್ಯಾರು ನೋಡ್ತಾರೆ ಚಾಚಾ?"

"ಮಳೆ ನೋಡುತ್ತೆ, ಮೇಷ್ಟ್ರೇ."

ಮರದ ಎಳೆಗಳ ಬಾಯಿ ತೆರೆದಿರುವುದು ಅಡ್ಡ ಕೊಯ್ದ ಕಡೆ, ತೇವ ಬೇಗ ಒಳಗೆ ಹೋಗುವುದು ಅಲ್ಲಿಂದ. ಅದನ್ನು ಮುಚ್ಚದೆ ಮುಂಭಾಗಕ್ಕೆ ಎಷ್ಟು ಹೊಳಪು ಕೊಟ್ಟರೂ ತಲೆಗೆ ಜರಿ ಪೇಟ ಸುತ್ತಿಕೊಂಡು ಬರಿಗಾಲಲ್ಲಿ ಕೆಸರಿಗೆ ಇಳಿದ ಹಾಗೆ. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು ವೈಶಾಖದ ಮುಹೂರ್ತ ಒಂದೇ. ಅದು ತಪ್ಪಿದರೆ ಆಷಾಢ, ಆಷಾಢ ಕಳೆಯುವ ತನಕ ಬಾಡಿಗೆ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೊಸದನ್ನು ಮುಗಿಸಲು 1912ರ ತನಕ ತೆಗೆದುಕೊಂಡರು. ಅವರಿಗೆ ಬಾಡಿಗೆ ಕೊಡುವ ಚಿಂತೆ ಇರಲಿಲ್ಲ.

ಹೀಗಾಗಿ ಉಗ್ರಾಣದ ಬಾಗಿಲಿನ ವಿಷಯದಲ್ಲಿ ಯಜಮಾನಿಕೆ ತೋರಿಸಿದೆ. ಉಳಿದಿದ್ದ ತೇಗದ ಹಲಗೆಗಳನ್ನೇ ಒತ್ತಾಗಿ ಜೋಡಿಸಿ ಅಂಟಿಸಿ, ದಿಲ್ಲೆ ಗಿಲ್ಲೆ ಇಲ್ಲದೆ ಒಂದು ಬಾಗಿಲು ಮಾಡಿಬಿಡಿ ಎಂದೆ. 30 ಇಂಚಿನ ಬಾಗಿಲು. ಸಂದು ಬೇಡವೇ ಬೇಡ, ಇಲಿ ಬರುತ್ತದೆ ಎಂದೆ. ಕೆಳಗಿನ ಅಂಚಿಗೆ ಪಾಲಿಶ್ ಬೇಡ, ಒಂದು ದಿನ ಉಳಿಯುತ್ತದೆ ಎಂದೆ. ಚಾಚಾ ಒಂದು ಸಲ ನನ್ನ ಮುಖ ನೋಡಿದರು. "ಮನೆ ನಿಮ್ಮದು" ಎಂದಷ್ಟೇ ಹೇಳಿ ಮಾಡಿಕೊಟ್ಟರು. ಇನ್‌ಲೇ ಕಲಿತ ಕೈ. ಬಾಗಿಲು ಚೌಕಟ್ಟಿನಲ್ಲಿ ಆನೆಯ ಚೂರು ಕೂತ ಹಾಗೆ ಕೂತಿತು. ಗೃಹಪ್ರವೇಶದ ದಿನ ನಡುಮನೆಯ ಬಾಗಿಲಲ್ಲಿ ಸಂದು ಹಿಡಿದ ಷಡ್ಡಕರು ಉಗ್ರಾಣದ ಬಾಗಿಲ ಮುಂದೆ ನಿಂತು, "ಇದು ನೋಡಿ ಫಿನಿಶಿಂಗ್ ಅಂದ್ರೆ! ಇದನ್ನ ಮಾಡಿದೋರು ಬೇರೆಯವರಾ?" ಎಂದರು. ನಾನೂ ಸಣ್ಣಗೆ ಬೀಗಿದೆ.

ಜುಲೈನಲ್ಲಿ ಷಡ್ಡಕರು ಮತ್ತೆ ಬಂದರು. ನಾಲ್ಕು ದಿನದಿಂದ ಬಿಡದೆ ಜಿಟಿಜಿಟಿ. ಅವರ ಒದ್ದೆ ಕೊಡೆಯನ್ನು ನನ್ನ ಹೆಂಡತಿ ಉಗ್ರಾಣದಲ್ಲಿ ನೇತುಹಾಕಿದ್ದಳು. ಹೊರಡುವಾಗ ಅದನ್ನು ತೆಗೆದುಕೊಳ್ಳಲು ಒಳಗೆ ಹೋದವರು, ಗಾಳಿಗೆ ದಢಾರನೆ ಮುಚ್ಚಿಕೊಂಡ ಬಾಗಿಲಿನ ಹಿಂದೆ ಸಿಕ್ಕಿಕೊಂಡರು. ಅವರು ಒಳಗಿನಿಂದ ಎಳೆದರು, ನಾನು ಹೊರಗಿನಿಂದ ತಳ್ಳಿದೆ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಸಂದೇ ಇಲ್ಲದ್ದರಿಂದ ಒಳಗಿನ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಅದೊಂದು ಲಾಭ. ಕೊನೆಗೆ ನನ್ನ ಹೆಂಡತಿಯೇ ಕೊಡೆಯಿಲ್ಲದೆ ಎರಡು ಬೀದಿ ಓಡಿ ಚಾಚಾರನ್ನು ಕರೆತಂದಳು.

ಚಾಚಾ ಬಾಗಿಲನ್ನು ನೋಡಲಿಲ್ಲ, ಅಂಗೈಯಿಂದ ತಡವಿದರು. ಕೆಳಮೂಲೆಗೆ ಹೊರಗಿನಿಂದ ಮರದ ಕೊಡತಿಯಲ್ಲಿ ನಾಲ್ಕು ಹದವಾದ ಏಟು, ಮೇಲ್ಮೂಲೆಗೆ ಎರಡು, ಬಾಗಿಲು ನಿಟ್ಟುಸಿರು ಬಿಟ್ಟು ತೆರೆಯಿತು. ಷಡ್ಡಕರು ಅಕ್ಕಿ ಮೂಟೆಯ ಧೂಳಿನಲ್ಲಿ ಮಿಂದು, ಕೊಡೆ ಹಿಡಿದುಕೊಂಡು ಹೊರಬಂದರು. ಹತ್ತರಿ ತೆಗೆದು ಈಗಲೇ ಕೀಸಿಬಿಡಿ ಎಂದೆ. ಚಾಚಾ ಒಪ್ಪಲಿಲ್ಲ.

"ಎರಡು ನೂಲು ಉಬ್ಬಿದೆ. ಈಗ ಕೀಸಿದ್ರೆ ಎಷ್ಟು ಕೀಸಬೇಕೋ ಗೊತ್ತಾಗಲ್ಲ, ಬೇಸಿಗೇಲಿ ನಿಮ್ಮ ಇಲಿ ಕುಟುಂಬ ಸಮೇತ ಬರುತ್ತೆ. ಎಲ್ಲಿ ಉಜ್ಜುತ್ತೋ ಅಲ್ಲಿ ಗೆರೆ ಎಳೆದಿಟ್ಟಿರ್ತೀನಿ. ಫೆಬ್ರವರಿಲಿ ಒಣಗಿದ ಮೇಲೆ ಗೆರೆ ತನಕ ಕೀಸಿ, ಕಾಲಿಗೆ ಪಾಲಿಶ್ ಕೊಡೋಣ." ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬಾಗಿಲ ಅಂಚಿನುದ್ದಕ್ಕೂ ಒಂದು ಸಣ್ಣ ಗೆರೆ ಎಳೆದರು. ಆಮೇಲೆ ಷಡ್ಡಕರ ಕಡೆ ತಿರುಗಿ, ಬಹಳ ವಿನಯದಿಂದ, "ಸಾರ್, ಇದನ್ನ ಮಾಡಿದೋನೂ ನಾನೇ" ಎಂದರು.

ಷಡ್ಡಕರು ನಡುಮನೆಯ ಬಾಗಿಲ ಹತ್ತಿರ ಹೋದರು. ಕಿರುಬೆರಳಲ್ಲಿ ತಳ್ಳಿದರು, ಅದು ಸದ್ದಿಲ್ಲದೆ ಹೋಗಿ ಮುಚ್ಚಿಕೊಂಡಿತು. ಒಂದು ಕಣ್ಣು ಮುಚ್ಚಿ ಸಂದಿಗೆ ಇನ್ನೊಂದು ಕಣ್ಣಿಟ್ಟರು. ನಾಲ್ಕು ದಿನದ ಮಳೆ ಕುಡಿದ ಮೇಲೂ ಅಲ್ಲಿ ಒಂದು ಎಳೆ ಬೆಳಕು ಉಳಿದಿತ್ತು. ಏನೂ ಹೇಳದೆ ಕೊಡೆ ಬಿಚ್ಚಿಕೊಂಡು ಹೊರಟರು.

ಫೆಬ್ರವರಿ ಬಂತು. ಉಗ್ರಾಣದ ಬಾಗಿಲು ಹೂವಿನ ಹಾಗೆ ತೆರೆಯತೊಡಗಿತು. ಹೂವಿನ ಹಾಗೆ ತೆರೆಯುವ ಬಾಗಿಲನ್ನು ದುಡ್ಡು ಕೊಟ್ಟು ಯಾರು ಕೀಸಿಸುತ್ತಾರೆ? ಚಾಚಾ ಬೀದಿಯಲ್ಲಿ ಸಿಕ್ಕಾಗಲೆಲ್ಲ "ಗೆರೆ ಇದೆಯಾ ಮೇಷ್ಟ್ರೇ?" ಎನ್ನುತ್ತಾರೆ. "ಇದೆ ಚಾಚಾ, ಮುಂದಿನ ವಾರ ಬನ್ನಿ" ಎನ್ನುತ್ತೇನೆ. ಹೀಗೆ ಮೂರು ಆಷಾಢ ಕಳೆದಿವೆ. ಗೆರೆ ಇನ್ನೂ ಅಳಿಸಿಲ್ಲ.